ಉಬ್ಬಣ್ಣನ ಹಲ್ಲು

ಬಟವಾಡಿ, ತುಮಕೂರು
ಭಾನುವಾರ, 9 ಫೆಬ್ರವರಿ 2025

ಪ್ರಮೀಳಾ,

ಗುಬ್ಬಿಯಲ್ಲಿ ನೀನೀಗ ಇರುವ ನಿನ್ನ ಅಕ್ಕ ವನಜಾಕ್ಷಿಯ ಬಾಗಿಲಲ್ಲಿ ನಿಂತು ಕೂಗುವ ಹಕ್ಕು ಕಳೆದುಕೊಂಡ ನಿನ್ನ ಗಂಡ ರಂಗರಾಜು ಬರೆಯುತ್ತಿದ್ದೇನೆ. ನನ್ನ ನಂಬರನ್ನು ಬ್ಲಾಕ್ ಮಾಡಿದ್ದೀಯ, ಅದಕ್ಕೇ ಕಾಗದ. ಗುರುವಾರ ಕೋರ್ಟಿನಲ್ಲಿ ಎದುರಾಗುವ ಮೊದಲು ನಿನ್ನ ಮೀನಿನ ಸಮಾಚಾರ ತಿಳಿಸಬೇಕು. ಕೇಸಿನ ಮಾತು ಎತ್ತುವುದಿಲ್ಲ. ಬಚ್ಚಲಲ್ಲಿ ಜಾರಿಬಿದ್ದು ನಿನ್ನ ದವಡೆ ಮುರಿಯಿತು ಎಂದು ನಾನು, ಗಂಡ ಹೊಡೆದ ಎಂದು ನೀನು. ಅದನ್ನು ಜಡ್ಜ್ ನೋಡಿಕೊಳ್ಳಲಿ.

ಉಬ್ಬಣ್ಣ ಸೊರಗಿಹೋದ. ಆಗಸ್ಟಿನಲ್ಲಿ ನಿನ್ನ ಸಾಕುಮೀನಿನ ಅಂಗಡಿ ಮುಚ್ಚಿ ಮನೆ ಬಿಟ್ಟು ಹೋಗುವಾಗ, ಉಪ್ಪುನೀರಿನ ದೊಡ್ಡ ತೊಟ್ಟಿಯನ್ನು ಅಲುಗಿಸಲಾಗದೆ ಈ ಪಫರ್ ಮೀನೊಂದನ್ನು ನಮ್ಮ ಹಾಲ್‌ನಲ್ಲೇ ಬಿಟ್ಟೆಯಲ್ಲ. ಕೆಣಕಿದರೆ ಚೆಂಡಿನಂತೆ ಉಬ್ಬಿ ಮುಳ್ಳು ನಿಗುರಿಸುತ್ತಿದ್ದ ಆ ರಣಧೀರನ ಹೊಟ್ಟೆ ಬೆನ್ನಿಗಂಟಿತು.

ನಾನೇನು ಕಡಿಮೆ ಮಾಡಿರಲಿಲ್ಲ. ಪಾತ್ರಧಾರಿಗಳ ಬಾಯಿಗೆ ಒಂದೊಂದೇ ಮಾತಿಟ್ಟು ನಾಟಕ ಕಲಿಸುವ ಹಾರ್ಮೋನಿಯಂ ಮೇಷ್ಟ್ರು ನಾನು, ಅದೇ ಶ್ರದ್ಧೆಯಿಂದ ಸಿಗಡಿಯ ಸಿಪ್ಪೆ ಸುಲಿದು, ಮೆತ್ತನೆ ತಿರುಳನ್ನೇ ಆರು ತಿಂಗಳು ತಿನ್ನಿಸಿದೆ. ಈಚೆಗೆ ಅವನು ಮೂತಿ ತಾಗಿಸಿ ತಿರುಗಿಬಿಡುತ್ತಿದ್ದ. ನನಗೆ ರೇಗಿತು. ಗಾಜಿಗೆ ಗುದ್ದಿದೆ. ಮೂರು ಮನೆಗೆ ಕೇಳುವಂತೆ ಗರ್ಜಿಸಿದೆ.

ಮೊನ್ನೆ ಗುರುವಾರ ಕುಣಿಗಲ್‌ನಲ್ಲಿ ಪ್ರಾಕ್ಟೀಸ್ ಮುಗಿಸಿ, ಕೆರೆಯಿಂದ ಜೀವಂತ ಏಡಿ ಹಿಡಿಸಿ ತಂದೆ. ತೊಟ್ಟಿಗೆ ಬಿಟ್ಟದ್ದೇ ತಡ, ಯುದ್ಧ. ಆದರೆ ನಮ್ಮ ವೀರ ಕಚ್ಚಲಿಲ್ಲ. ಏಡಿಯೇ ಕೊಂಡಿ ಹಾಕಿ ಅವನ ಬಾಲ ಹರಿಯಿತು, ನೀರಿನಲ್ಲಿ ರಕ್ತ ನೂಲಿನಂತೆ ಎಳೆಯಿತು. ಏಡಿಯನ್ನು ಎಳೆದು ನೆಲಕ್ಕೆ ಅಪ್ಪಳಿಸಿ ಚಪ್ಪಲಿಯಲ್ಲಿ ಅರೆದೆ. ಅದು ಸತ್ತ ಮೇಲೂ ಅರೆಯುತ್ತಲೇ ಇದ್ದೆ.

ನಿನಗೆ ಮೀನು ತಂದುಕೊಡುತ್ತಿದ್ದ ಅಂಜನ್‌ಕುಮಾರ್‌ನನ್ನು ನಿನ್ನೆ ಕರೆಸಿದೆ. ತಿನ್ನೋಕೂ ಕೊಬ್ಬು ಇವನಿಗೆ ಅಂದೆ. ಅವನು ಟಾರ್ಚ್ ಬಿಟ್ಟು ನೋಡಿ ನನ್ನ ಮುಖವನ್ನೇ ದಿಟ್ಟಿಸಿದ. "ಕೊಬ್ಬಲ್ಲ ಮೇಷ್ಟ್ರೇ, ಹಲ್ಲು ಬೆಳ್ದು ಬಾಯೇ ಬಂದ್ ಆಗೈತೆ. ಗಟ್ಟಿ ಚಿಪ್ಪು ಕಡಿದ್ರೇನೇ ಇವಕ್ಕೆ ಹಲ್ಲು ಸವೆಯೋದು. ಸುಲ್ದು ತಿನ್ಸಿದ್ಯಾರು? ಹಸ್ದು ಸಾಯ್ತಾವ್ನೆ, ನೀವು ಕೊಬ್ಬು ಅಂತೀರಲ್ಲ" ಅಂದ.

ಬಕೆಟ್ಟಿನ ಉಪ್ಪುನೀರಿಗೆ ಲವಂಗದೆಣ್ಣೆ ಬೆರೆಸಿ ಮಂಪರು ಬರಿಸಿದ. "ಮ್ಯಾಕೆ ಎತ್ತಬ್ಯಾಡಿ, ಗಾಳಿ ನುಂಗಿ ಉಬ್ಬಿದ್ರೆ ಸತ್ತೋಯ್ತಾನೆ. ನೀರೊಳಗೇ ಹಿಡೀರಿ" ಅಂದ. ಒದ್ದೆ ಬಟ್ಟೆಯಲ್ಲಿ ಹಿಡಿದೆ. ಬೆಳೆದ ಹಲ್ಲಿಗೆ ಸಣ್ಣ ಕಟ್ಟರ್ ತಾಕುತ್ತಲೇ ಮಂಪರು ಹರಿದು ಉಬ್ಬಣ್ಣ ನನ್ನ ಹೆಬ್ಬೆರಳಿಗೆ ಬಾಯಿ ಹಾಕಿದ. ಉಗುರು ಎರಡಾಯಿತು, ಬಕೆಟ್ಟು ಕೆಂಪಾಯಿತು. "ಬುಡಬ್ಯಾಡಿ ಮೇಷ್ಟ್ರೇ, ಬುಟ್ರೆ ಹೋದ" ಎಂದು ಅವನು ಕಿರುಚಿದ. ಬಿಡಲಿಲ್ಲ. ಟಕ್ ಎಂದು ಹಲ್ಲು ಮುರಿಯಿತು.

ಆ ಸದ್ದು ನನಗೆ ಗೊತ್ತಿತ್ತು ಪ್ರಮೀಳಾ. ಇದೇ ಹಾಲ್‌ನಲ್ಲಿ ಒಮ್ಮೆ ಕೇಳಿದ್ದೆ.

ಅವತ್ತು ನೀನು ಬಚ್ಚಲ ಕಡೆಗೆ ಹೋಗಿಯೇ ಇರಲಿಲ್ಲ. ನನ್ನ ಶಿಷ್ಯರ ಮುಂದೆ, "ರೀ, ಇದು ಸ್ಟೇಜಲ್ಲ, ಮೆತ್ತಗೆ ಮಾತಾಡಿ" ಅಂದೆ. ಅವರು ಮೆಟ್ಟಿಲಿಳಿದ ಮೇಲೆ ರಾಕ್ಷಸ ಪಾತ್ರದ ಮರದ ಗದೆಯಿಂದ ನಾನು ಒಂದೇ ಏಟು ಹೊಡೆದೆ. ದವಡೆಗೆ ತಂತಿ ಬಿಗಿಸಿಕೊಂಡು ಬಂದವಳು ಮುದ್ದೆಯ ಮುಂದೆ ತಿನ್ನದೆ ಕೂತಾಗ, ಕೊಬ್ಬು ಎಂದು ತಟ್ಟೆಯನ್ನು ಗೋಡೆಗೆ ಎಸೆದೆ. ನೀನು ಸೊರಗಿದ್ದು ನನ್ನ ಕಣ್ಣಿಗೆ ಬೀಳಲಿಲ್ಲ. ಮೀನು ಸೊರಗಿದ್ದು ಬಿತ್ತು.

ಕೆಳಗಿನ ಮನೆಯ ಓನರ್ ರಂಗಲಕ್ಷ್ಮಮ್ಮ ನನ್ನ ಸಾಕ್ಷಿ. ಬಚ್ಚಲ ಕಥೆಯನ್ನು ಆಕೆಗೆ ಹದಿನೈದು ದಿನ ಪ್ರಾಕ್ಟೀಸ್ ಮಾಡಿಸಿದ್ದೇನೆ. ಎಲ್ಲಿ ಉಸಿರು ಬಿಡಬೇಕು, ಎಲ್ಲಿ ಸೆರಗಿನಿಂದ ಕಣ್ಣೊರೆಸಿಕೊಳ್ಳಬೇಕು, ಎಲ್ಲವನ್ನೂ. ಇವತ್ತು ಆ ಪಾತ್ರದಿಂದ ಆಕೆಯನ್ನು ಬಿಡಿಸುತ್ತೇನೆ. ಅಂಜನ್‌ಕುಮಾರ್ ತಂದುಕೊಡುವ ಈ ಕಾಗದವನ್ನು ನಿನ್ನ ಲಾಯರಿಗೆ ಕೊಡು.

ಉಬ್ಬಣ್ಣ ಬೆಳಿಗ್ಗೆ ಏಡಿಯ ಕಾಲೊಂದನ್ನು ಚಿಪ್ಪು ಸಮೇತ ಕಡಿದು ನುಂಗಿದ. ನಾನಿಲ್ಲದಾಗ ಬಂದು ಅವನನ್ನು ಒಯ್ಯು. ಕೀಲಿ ಕೆಳಗಿನ ಮನೆಯಲ್ಲಿರುತ್ತದೆ.

ಇಂತು,
ರಂಗರಾಜು

ಮರೆತಿದ್ದು: ಬರೆದದ್ದನ್ನು ಜೋರಾಗಿ ಓದದೆ ನನಗೆ ಅಭ್ಯಾಸವಿಲ್ಲ. ರಂಗಲಕ್ಷ್ಮಮ್ಮನ ಮುಂದೆ ಓದಿದೆ. ಅವರೆಕಾಯಿ ಸುಲಿಯುತ್ತಿದ್ದವರು ತಲೆ ಎತ್ತಲಿಲ್ಲ. "ಕಾಗ್ದದಾಗೆ ನೀನು ಎಲ್ಡು ಏಟು ನುಂಗ್ಬುಟ್ಟೆ ಕಣಪ್ಪ. ಕೆಳಗಡೆ ನಂಗೆ ಮೂರು ಕೇಳಿಸ್ದವು. ಎರಡ್ನೇದು ಆದ್ಮೇಲೆ ಅವ್ಳು ಕೂಗ್ಲಿಲ್ಲ" ಅಂದರು. ಹೌದು. ಮೂರು.