ಕೇಳಿದವರಿಗೆ ಹೇಳಬೇಕಾದ ಮಾತು

ಫೆಬ್ರವರಿ 9, 2025, ಭಾನುವಾರ

2011ರ ಮಾರ್ಚಿನಲ್ಲಿ, ನೀರು ಬಳಕೆದಾರರ ಸಂಘದ ಸಭೆಯಲ್ಲಿ ಎದ್ದು ನಿಂತು, ಗೆಳೆಯ ಅಮರಪ್ಪ ಕದ್ದು ತೂಬು ಎತ್ತಿದ್ದನ್ನು ಕಂಡೆ ಎಂದೆ. ಕಂಡಿರಲಿಲ್ಲ. ಕಾಲುವೆಯ ಕೊನೆಯಲ್ಲಿ ನನ್ನ ಗದ್ದೆ ಒಣಗುತ್ತಿತ್ತು, ಮೇಲೆ ಅವನದು ಹಸಿರಾಗಿತ್ತು, ಅಷ್ಟೇ. ಏಡಿ ಕೊರೆದ ಏರಿಯಿಂದ ನೀರು ಹಳ್ಳಕ್ಕೆ ಸೋರುತ್ತಿತ್ತೆಂದು ಮರುವರ್ಷ ತಿಳಿಯಿತು. ಊರಿನ ಪ್ರತಿ ತಪ್ಪಿಗೂ ಪತ್ರಿಕೆಗೆ ಬರೆಯುವ ನಾನು ಆಗ ಮಾತ್ರ ಸುಮ್ಮನಿದ್ದೆ.

ಮೊದಲೆಲ್ಲ ದಿನಾ ಏರಿಯ ಮೇಲೆ ಕೂತು ಅವನಿಗೆ ಪೇಪರ್ ಓದಿ ಹೇಳುತ್ತಿದ್ದೆ. "ಲೇ ಗವಿ, ಸಾಕ್ ಮಾಡೋ, ಎಮ್ಮಿ ಸೈತ ಆಕಳಿಸಾಕತ್ತೈತಿ" ಎನ್ನುತ್ತಿದ್ದ. ಹದಿನಾಲ್ಕು ವರ್ಷವಾಯಿತು, ಹಾಗೆ ಬೈಯುವವರಿಲ್ಲ. ಈಗಲೂ ತಮಾಷೆಯ ಸುದ್ದಿ ಕಂಡರೆ ಗಟ್ಟಿಯಾಗಿ ಓದಲು ಬಾಯಿ ತೆರೆಯುತ್ತೇನೆ, ಮತ್ತೆ ಮುಚ್ಚುತ್ತೇನೆ.

ಇವತ್ತು ಗಂಗಾವತಿ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ. "ಅಮರಾ, ಅದು ನಂದ ತಪ್ಪು" ಎಂದೆ.

"ನನಗ್ಯಾಕ ಹೇಳ್ತೀರಿ? ನಾ ಕದ್ದಿಲ್ಲಂತ ನನಗ ಆವಾಗನ ಗೊತ್ತಿತ್ರಿ. ಅವತ್ತು ಸಭಾದಾಗ ಕುಂತು ಕೇಳಿದವ್ರಿಗೆ ಹೇಳ್ರಿ."

ಲೇ ಎನ್ನುತ್ತಿದ್ದವನು ರೀ ಹಚ್ಚಿ ಮಾತಾಡಿ ಬಸ್ ಹತ್ತಿದ. ಕಿಟಕಿಯಿಂದಾದರೂ ತಿರುಗಿ ನೋಡುತ್ತಾನೇನೋ ಎಂದು ನಿಂತೇ ಇದ್ದೆ.

ಹದಿನಾರಕ್ಕೆ ಸಂಘದ ಸಭೆ. ಗವಿಸಿದ್ದೇಶ, ಎಲ್ಲರೆದುರು ಉತ್ತರ ಕೊಡು: ಕಾಣದ್ದನ್ನು ಕಂಡೆನೆಂದು ಯಾಕೆ ಹೇಳಿದೆ? ನಿಜ ತಿಳಿದ ಮೇಲೂ ಇಷ್ಟು ವರ್ಷ ಯಾಕೆ ಬಾಯಿ ಬಿಡಲಿಲ್ಲ?