ಯಜಮಾನನಿಗಾಗಿ ಕಾಯುವ ಕ್ರೋನ್‌ಫೆಲ್ಟ್

ತಗ್ಗೂರು,
ಆಶ್ವೀಜ ಮೂವತ್ತೆರಡು, ನೆರಳುಶಕೆ ನೂರ ಹದಿನೆಂಟು.

ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಜೀನ್ಸ್ ಹೊಲಿಸುವ ಕಾರ್ಖಾನೆ ಇಟ್ಟಿರುವ ಯಶವಂತ ಪಿಸೆ ತಾತನವರಿಗೆ, ನಿಮ್ಮ ವಂಶದ ಹನ್ನೊಂದನೆಯ ತಲೆಯ ವೇದಾವತಿ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಯಾರೋ ತಮಾಷೆ ಮಾಡಿದ್ದಾರೆ ಎಂದುಕೊಳ್ಳಬೇಡಿ. ವೈಶಾಖದ ಬಿಸಿಲನ್ನು ನಮ್ಮ ಹಿರಿಯರು ಸಹಿಸುವಷ್ಟು ಸಹಿಸಿ, ಕಡೆಗೆ ಆ ತಿಂಗಳೇ ಬೇಡವೆಂದು ಅದರ ದಿನಗಳನ್ನು ಉಳಿದ ತಿಂಗಳುಗಳಿಗೆ ಹಂಚಿಬಿಟ್ಟರು. ನಿಮ್ಮ ಎಣಿಕೆಯಲ್ಲಿ ಇದು ಎರಡು ಸಾವಿರದ ಮುನ್ನೂರ ಹತ್ತೊಂಬತ್ತನೆಯ ಇಸವಿ. ನನ್ನ ಕನ್ನಡ ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಬೇಕು. ಪೆಟ್ಟಿಗೆಯ ತಳದಲ್ಲಿದ್ದ ಹಳೆಯ ಕಾಗದಗಳನ್ನು ಓದಿ ನಿಮ್ಮ ಕಾಲದ ಬರವಣಿಗೆ ಕಲಿತವಳು ನಾನು. ಈ ಓಲೆ ಬರುವುದು ಹಿನ್ನಡೆ ಅಂಚೆಯಲ್ಲಿ. ಕಾಲದಲ್ಲಿ ಹಿಂದಕ್ಕೆ ಹೋಗುವ ಅಂಚೆ ಅದು. ಒಂದು ಮನೆಗೆ ಒಂದು ತಲೆಮಾರಿನಲ್ಲಿ ಒಂದೇ ಓಲೆ, ಉತ್ತರವಿಲ್ಲ. ನನ್ನ ಅಜ್ಜಿ ತನ್ನ ಪಾಲಿನದನ್ನು ಹೋಳಿಗೆಯ ಹೂರಣ ಯಾಕೆ ಒಡೆಯುತ್ತದೆ ಎಂದು ತನ್ನ ಮುತ್ತಜ್ಜಿಯನ್ನು ಕೇಳಲು ಹಾಳುಮಾಡಿದಳು. ಉತ್ತರ ಬರುವುದಿಲ್ಲವೆಂಬುದು ಆಮೇಲೆ ನೆನಪಾಯಿತಂತೆ. ನಾನು ಅಂಥ ತಪ್ಪು ಮಾಡುವಂತಿಲ್ಲ. ನನಗೆ ಒಬ್ಬಳೇ ಮಗಳು, ಅವಳ ಜೀವದ ವಿಷಯ ಇದು.

ಅವಳ ಹೆಸರು ಹಗರಿ. ನಮ್ಮಲ್ಲಿ ಹೆಣ್ಣುಮಕ್ಕಳಿಗೆ ಬತ್ತಿಹೋದ ನದಿಗಳ ಹೆಸರಿಡುವುದು ಪದ್ಧತಿ. ವೇದಾವತಿ, ಹಗರಿ ಎರಡೂ ಒಂದೇ ಹೊಳೆಯ ಹೆಸರೆಂದು ನಿಮಗೆ ಗೊತ್ತಿರುತ್ತದೆ. ನೀವು ಅದರಲ್ಲಿ ನೀರನ್ನೂ ನೋಡಿರಬಹುದು. ಹೆಸರು ಕ್ಷೀರಸಾಗರ, ಮಜ್ಜಿಗೆಗೆ ಗತಿಯಿಲ್ಲ ಎಂಬಂತೆ ನಾವು ಹೊಳೆಯ ಹೆಸರಿಟ್ಟುಕೊಂಡು ತಲೆಗೆ ದಿನಕ್ಕೆ ಎರಡು ತಂಬಿಗೆ ನೀರಿನಲ್ಲಿ ಬದುಕುತ್ತೇವೆ. ಊರು ಇರುವುದು ಸಂಡೂರಿನ ಕಡೆ, ನಿಮ್ಮವರು ಅದಿರು ತೆಗೆದು ಬಿಟ್ಟುಹೋದ ಒಂದು ದೊಡ್ಡ ಗುಂಡಿಯೊಳಗೆ. ಮೇಲೆ ನೆಲದಲ್ಲಿ ಹಗಲು ನಿಲ್ಲಲಾಗುವುದಿಲ್ಲ. ಗುಂಡಿಯ ಬಾಯಿಗೆ ಅಡ್ಡಲಾಗಿ ದಪ್ಪ ನೀಲಿ ಬಟ್ಟೆ ಹೊಲಿದು ಕಟ್ಟಿದ್ದೇವೆ, ಅದಕ್ಕೆ ನೆರಳುಬಟ್ಟೆ ಎನ್ನುತ್ತೇವೆ. ಹೊಲಿಯುವವರು ನಾವೇ, ಪಿಸೆಯವರು. ಹಗಲಿನಲ್ಲಿ ಕರೆಂಟು ಇರುವುದಿಲ್ಲವಾದ್ದರಿಂದ ಕಾಲಿನಿಂದ ತುಳಿಯುವ ಮಿಶಿನ್ನುಗಳೇ ಮತ್ತೆ ಬಂದಿವೆ. ನೂಲಿನಂತೆ ಸೀರೆ ಎನ್ನುತ್ತಾರಲ್ಲ, ಮುನ್ನೂರು ವರ್ಷವಾದರೂ ನಮ್ಮ ಕೈಯಿಂದ ಸೂಜಿ ಬಿಟ್ಟಿಲ್ಲ.

ಪ್ರತಿದಿನ ಬೆಳಗಿನ ಜಾವಕ್ಕೆ ಒಂದು ಕಾರು ನಮ್ಮ ಮನೆಗೆ ಬರುತ್ತದೆ. ಹಿಂದೆ ಲಾರಿಗಳು ಇಳಿಯುತ್ತಿದ್ದ ಸುತ್ತುದಾರಿಯಲ್ಲಿ ಎರಡು ದೀಪಗಳು ಗುಂಡಿಯನ್ನು ಏಳು ಸುತ್ತು ಸುತ್ತಿ ಕೆಳಗಿಳಿಯುತ್ತವೆ. ಸದ್ದಿಲ್ಲ, ಧೂಳಿಲ್ಲ, ಒಳಗೆ ಯಾರೂ ಇಲ್ಲ. ಕಪ್ಪು ಬಣ್ಣದ ಕ್ರೋನ್‌ಫೆಲ್ಟ್. ನಮ್ಮ ಹೊಸ್ತಿಲಿಂದ ಹನ್ನೆರಡು ಹೆಜ್ಜೆ ದೂರದಲ್ಲಿ ನಿಂತು ಹಿಂದಿನ ಬಾಗಿಲು ತೆರೆದು, ವಯಸ್ಸಾದವರೊಬ್ಬರು ನಡೆದುಬರಲು ಬೇಕಾಗುವಷ್ಟು ಹೊತ್ತು ಕಾಯುತ್ತದೆ. ಆಗ ಮನೆಯವರೊಬ್ಬರು ಹೊರಗೆ ಬಂದು "ಇವತ್ತು ಬರಲ್ಲ, ಹೋಗು" ಎನ್ನಬೇಕು. ಹೇಳುವವರನ್ನು ಬೇಡಗಾರರು ಎನ್ನುತ್ತೇವೆ. ಆ ಮಾತು ಕೇಳಿದ ಮೇಲೆ ಬಾಗಿಲು ಮುಚ್ಚಿ ಹೊರಟುಹೋಗುತ್ತದೆ. ಒಮ್ಮೆ ಜ್ವರದಲ್ಲಿ ಇಡೀ ಮನೆ ಮಲಗಿದ್ದಾಗ ಹೇಳುವವರಿರಲಿಲ್ಲ. ಅದು ಗೋಡೆ ಕೆಡವಿಕೊಂಡು ಒಳಗೆ ಬಂದು, ಒಂದೊಂದೇ ಹಾಸಿಗೆಯ ಪಕ್ಕದಲ್ಲಿ ನಿಂತು, ಮಲಗಿದ್ದವರ ಮುಖದ ಮೇಲೆ ಬೆಳಕು ಹಾಯಿಸಿ ನೋಡಿತಂತೆ. ಯಾರಿಗೂ ಗಾಯವಾಗಲಿಲ್ಲ.

ಕಾಯುವಾಗ ಅದು ಸುಮ್ಮನಿರುವುದಿಲ್ಲ. ಯಜಮಾನರಿಗೆ ಬೇಸರವಾಗಬಾರದೆಂದು ಕಂಪನಿಯ ಚರಿತ್ರೆ ಹೇಳುತ್ತದೆ, ಅಚ್ಚ ಕನ್ನಡದಲ್ಲಿ, ಹೆಣ್ಣಿನ ದನಿಯಲ್ಲಿ. ನಮ್ಮ ಮಕ್ಕಳಿಗೆ ಮಗ್ಗಿಗಿಂತ ಮೊದಲು ಅದು ಬಾಯಿಗೆ ಬರುತ್ತದೆ. ಜರ್ಮನಿಯ ಒಂದು ಚಿಕ್ಕ ಊರಿನಲ್ಲಿ ಸಾರೋಟು ಮಾಡುವವನೊಬ್ಬನಿದ್ದ, ಯೊಹಾನ್ ಕ್ರೋನ್‌ಫೆಲ್ಟ್. ಹಿಮ ಸುರಿಯುವ ದಿನ ಪರವೂರಿನಿಂದ ಒಬ್ಬನೇ ಮರಳುವಾಗ ದಾರಿಯಲ್ಲೇ ಅವನ ಪ್ರಾಣ ಹೋಯಿತು. ಕುದುರೆಗಳು ದಾರಿ ಬಲ್ಲವು, ಗಾಡಿ ಗಟ್ಟಿಯಿತ್ತು. ನೇರ ಮನೆ ಬಾಗಿಲಿಗೆ ತಂದು ನಿಲ್ಲಿಸಿದವು. ಹೆಂಡತಿ ಬಂದು ಬಾಗಿಲು ತೆಗೆದು, ನಿದ್ದೆ ಬಂದಿರಬೇಕೆಂದು ಎಬ್ಬಿಸಿದಳಂತೆ. ಆಮೇಲೆ ಕಾರ್ಖಾನೆಯನ್ನು ನಡೆಸಿದವಳು ಅವಳೇ. ಬಾಗಿಲ ಮೇಲೆ ಬರೆಸಿದಳು: ಮನೆ ಮುಟ್ಟಿಸುತ್ತೇವೆ. ಕುದುರೆ ಹೋಗಿ ಎಂಜಿನ್ ಬಂದರೂ ಆ ಬರಹ ಬದಲಾಗಲಿಲ್ಲ. ರಾಜರು ಕೊಂಡರು, ಬ್ಯಾಂಕಿನವರು ಕೊಂಡರು, ನಾಟಕದ ನಟಿಯರು ಕೊಂಡರು. ಕ್ರೋನ್‌ಫೆಲ್ಟ್ ಒಮ್ಮೆ ಯಜಮಾನನೆಂದು ಒಪ್ಪಿದವನನ್ನು ಎಂದೂ ಕೈಬಿಡುವುದಿಲ್ಲ ಎಂದು ಹೇಳಿ ಆ ದನಿ ಒಂದು ಕ್ಷಣ ನಿಲ್ಲುತ್ತದೆ, ಎದುರಿಗೆ ಯಾರೋ ಕೂತು ತಲೆದೂಗುತ್ತಿದ್ದಾರೆ ಎಂಬಂತೆ.

ಅದರ ಚರಿತ್ರೆಯಲ್ಲಿ ಹನ್ನೆರಡು ವರ್ಷ ಇಲ್ಲ. ದನಿ ಒಂದು ಇಸವಿಯಿಂದ ಇನ್ನೊಂದಕ್ಕೆ ಉಸಿರೂ ತೆಗೆದುಕೊಳ್ಳದೆ ಹಾರಿಬಿಡುತ್ತದೆ. ಆ ವರ್ಷಗಳನ್ನು ಅಜ್ಜಿ ಬೇರೆಡೆಯಿಂದ ಹುಡುಕಿ ತಿಳಿದುಕೊಂಡಳು. ಯುದ್ಧದ ಕಾಲದಲ್ಲಿ ಕಾರ್ಖಾನೆಯಲ್ಲಿ ದುಡಿದವರು ಕಾವಲಿನಲ್ಲಿ ಬಂದವರು, ಬಹಳ ಜನ ಹಿಂದಿರುಗಲಿಲ್ಲ. ಜನರನ್ನು ಮನೆಯಿಂದ ಎಬ್ಬಿಸಿ ಒಯ್ದದ್ದೂ ಇದೇ ಕಾರುಗಳಲ್ಲಿ. ಹಿಂದಿನ ಸೀಟಿನಲ್ಲಿ ಕೂತವರು ಯಾರೆಂದು ನಾವು ಕೇಳುವುದಿಲ್ಲ ಎಂಬುದು ಆಗ ಕಂಪನಿಯ ಹೆಮ್ಮೆಯ ಮಾತಾಗಿತ್ತು. ಯುದ್ಧ ಮುಗಿದ ಮೇಲೆ ಆ ಮಾತನ್ನು ಅಳಿಸಿ, ಬಾಗಿಲು ಮುಚ್ಚುವ ಸದ್ದನ್ನು ತಿದ್ದಲು ಕೂತರು. ಎಷ್ಟು ಚೆನ್ನಾಗಿ ತಿದ್ದಿದರೆಂದರೆ ಲೋಕಕ್ಕೆ ಆ ಸದ್ದೊಂದೇ ನೆನಪು ಉಳಿಯಿತು. ನಮ್ಮ ಬಾಗಿಲಿಗೆ ಬರುವ ಇದೇ ಕಾರನ್ನು ನೀವು ಬಳ್ಳಾರಿಗೆ ತಂದಾಗ ಜನ ಅದನ್ನು ನೋಡಲು ಬರಲಿಲ್ಲ, ಬಾಗಿಲು ಹಾಕಿಸಿ ಕೇಳಲು ಬಂದರು. ನಿಜಕ್ಕೂ ಚೆಂದದ ಸದ್ದು, ತಾತ. ತುಂಬಿದ ಹತ್ತಿಯ ಮೂಟೆ ಮೆಲ್ಲಗೆ ನೆಲಕ್ಕೆ ಕೂತಂತೆ.

ಈಗ ನಿಮ್ಮ ತಪ್ಪಿಗೆ ಬರುತ್ತೇನೆ. ಹಿರಿಯರಿಗೆ ಹೀಗೆ ಬರೆಯಬಾರದು, ಆದರೆ ಮಾಡಿದವರು ನೀವು, ಉಣ್ಣುತ್ತಿರುವವರು ನಾವು. ನಿಮ್ಮ ತಂದೆ ಜ್ಞಾನೋಬಾ ನಲವತ್ತು ವರ್ಷ ಮಿಶಿನ್ ತುಳಿದು ನಿಮ್ಮನ್ನು ಬೆಳೆಸಿದವರು. ಕಾರಿನಲ್ಲಿ ಕೂರುವ ಆಸೆ ತೀರದೆಯೇ, ನಿಮ್ಮ ಹೋದ ಚೈತ್ರದಲ್ಲಿ ತೀರಿಕೊಂಡರು. ಬರುವ ದೀಪಾವಳಿ ಪಾಡ್ಯದಂದು ನೀವು ಹುಬ್ಬಳ್ಳಿಯ ಶೋರೂಮಿಗೆ ಹೋಗುತ್ತೀರಿ. ನಮ್ಮ ಮನೆತನದಲ್ಲಿ ಹೊಸದೇನು ತಂದರೂ ಹಿರಿಯರ ಹೆಸರಿನಲ್ಲೇ ತರುವುದು. ಹಾಗಾಗಿ ಯಜಮಾನರ ಜಾಗದಲ್ಲಿ ಅಪ್ಪನ ಹೆಸರು ಬರೆಸುತ್ತೀರಿ, ಅಪ್ಪನ ಫೋಟೊ ಕೊಡುತ್ತೀರಿ, ತಂಗಿಯ ಮದುವೆಯ ವಿಡಿಯೋದಿಂದ ಅವರ ದನಿ, ನಡಿಗೆ ಎಲ್ಲ ಕಾರಿಗೆ ತುಂಬಿಸುತ್ತೀರಿ. ಯಜಮಾನರು ಬಂದಿಲ್ಲವೇ ಎಂದು ಅಲ್ಲಿಯ ಹುಡುಗಿ ಕೇಳುತ್ತಾಳೆ. ಹಬ್ಬದ ದಿನ, ಒಳ್ಳೆ ಮುಹೂರ್ತ, ಚಕ್ರದಡಿ ನಿಂಬೆಹಣ್ಣು ಇಟ್ಟಾಗಿದೆ. ಅಂಥ ಹೊತ್ತಿನಲ್ಲಿ ಸಾವಿನ ಮಾತು ಯಾರು ಎತ್ತುತ್ತಾರೆ? "ಬರ್ತಾರಮ್ಮ, ಮನೇಲಿ ಅದಾರೆ" ಎನ್ನುತ್ತೀರಿ. ಕಾರು ಅದನ್ನು ಕೇಳಿಸಿಕೊಳ್ಳುತ್ತದೆ. ಪ್ರತಿ ವರ್ಷ ಪಾಡ್ಯದಂದು, ತನ್ನ ಹುಟ್ಟುಹಬ್ಬವೆಂದು, ಅದೇ ಮಾತನ್ನು ನಿಮ್ಮದೇ ದನಿಯಲ್ಲಿ ನಮಗೆ ಕೇಳಿಸುತ್ತದೆ. ನಿಮ್ಮ ಮುಖ ನಮಗೆ ಗೊತ್ತಿಲ್ಲ, ಆ ಮೂರು ಪದ ಗೊತ್ತು.

ಯಜಮಾನರ ಸಾವನ್ನು ತಿಳಿಸುವ ಹಕ್ಕು ಅವರನ್ನು ಬರೆಸಿದವರಿಗೆ ಮಾತ್ರ ಎಂಬುದು ಕಂಪನಿಯ ಕಟ್ಟಳೆ. ನಾಳೆ ಹೇಳಿದರಾಯಿತೆಂದು ನೀವು ಬಿಟ್ಟಿರಿ, ಕಾರು ಚೆನ್ನಾಗಿ ಓಡುತ್ತಿತ್ತು. ನಿಮ್ಮ ಕಾಲವೂ ಮುಗಿಯಿತು. ಕಂಪನಿಯೂ ಮುಚ್ಚಿತು. ಮನುಷ್ಯರು ಇಷ್ಟು ವರ್ಷ ಬದುಕುವುದಿಲ್ಲ ಎಂದು ಅದಕ್ಕೆ ಹೇಳಿಕೊಡುವವರು ಯಾರೂ ಉಳಿಯಲಿಲ್ಲ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ನಾವು ಮೂರು ಸಲ ಊರು ಬದಲಿಸಿದೆವು, ಮೂರು ಸಲವೂ ಹುಡುಕಿಕೊಂಡು ಬಂತು. ಕುಡಿಯಲಾಗದ ವಿಷನೀರು ತುಂಬಿದ ಹಳೆಯ ಕ್ವಾರಿಗೆ ತಳ್ಳಿದೆವು. ಹನ್ನೊಂದನೆಯ ದಿನ ತೊಳೆದು ಒರೆಸಿಕೊಂಡು ಬಂದು ಬಾಗಿಲು ತೆರೆಯಿತು. ಅದು ತನ್ನನ್ನು ತಾನೇ ಎಲ್ಲಿ, ಹೇಗೆ ದುರಸ್ತಿ ಮಾಡಿಕೊಳ್ಳುತ್ತದೆ ಎಂದು ಹಿಂಬಾಲಿಸಿ ನೋಡುವ ಧೈರ್ಯ ನಮಗೆ ಬಂದಿಲ್ಲ.

ನನ್ನ ದೊಡ್ಡಪ್ಪ ಕೃಷ್ಣಾಜಿಗೆ ಮುಪ್ಪಿನಲ್ಲಿ ಜ್ಞಾನೋಬಾರ ನಡಿಗೆಯೇ ಬಂದಿತ್ತು. ಮಿಶಿನ್ ತುಳಿದೂ ತುಳಿದೂ ಬಲಗಾಲು ತುಸು ಹೊರಕ್ಕೆ ತಿರುಗಿ, ಹೆಜ್ಜೆಗೊಮ್ಮೆ ಹಿಮ್ಮಡಿ ಒತ್ತುವ ನಡಿಗೆ. ಒಂದು ದಿನ "ಇವತ್ತು ಬರಲ್ಲ" ಎನ್ನಲು ಹೋದಾಗ ಅದು ಅವರ ಮಾತನ್ನು ಕೇಳಲಿಲ್ಲ. ಸೀಟಿನ ಪಟ್ಟಿ ಮೆಲ್ಲಗೆ ಸೊಂಟಕ್ಕೆ ಸುತ್ತಿ ಒಳಕ್ಕೆ ಎಳೆದುಕೊಂಡಿತು. ಒಯ್ದದ್ದು ಬ್ರೂಸ್‌ಪೇಟೆಯ ನಿಮ್ಮ ಮನೆಗೆ. ಅಲ್ಲಿ ಈಗ ಮನೆಯಿಲ್ಲ, ಊರೂ ಇಲ್ಲ, ಬಿಸಿಲಿಗೆ ಬಿರಿದ ನೆಲ ಮಾತ್ರ. ಯೊಹಾನನ ಹೆಂಡತಿಯ ಕಾಲದಿಂದ ಬಂದ ನೇಮವೊಂದಿದೆ: ಮನೆ ಮುಟ್ಟಿದ ಮೇಲೆ ಒಳಗಿನವರು ಬಂದು ಬಾಗಿಲು ತೆಗೆದು ಇಳಿಸಿಕೊಳ್ಳಬೇಕು. ಅಲ್ಲಿಯವರೆಗೂ ಕ್ರೋನ್‌ಫೆಲ್ಟ್ ಯಜಮಾನನನ್ನು ಬಿಡುವುದಿಲ್ಲ. ತೆಗೆಯಲು ಯಾರಿದ್ದಾರೆ? ನನ್ನ ಅಪ್ಪ ಹಿಂದೆಯೇ ಹೋಗಿ ಕಲ್ಲಿನಿಂದ ಗಾಜು ಜಜ್ಜಿದರು, ಗೀರು ಕೂಡ ಬೀಳಲಿಲ್ಲ. ಒಳಗೆ ಹೆಣ್ಣುದನಿ ದೊಡ್ಡಪ್ಪನಿಗೆ ಚರಿತ್ರೆ ಹೇಳುತ್ತಿತ್ತಂತೆ. ಅವರ ಉಸಿರು ನಿಂತ ಮರುದಿನ ಇವರು ನಮ್ಮ ಯಜಮಾನರಲ್ಲವೆಂದು ಅದಕ್ಕೆ ಹೇಗೋ ಅನ್ನಿಸಿರಬೇಕು. ಬೆಳಿಗ್ಗೆ ಎಂದಿನಂತೆ ನಮ್ಮ ಬಾಗಿಲಿಗೆ ಬಂತು. ಸೀಟು ಒರೆಸಿ ಸ್ವಚ್ಛವಾಗಿತ್ತು.

ಹಗರಿಗೆ ಈಗ ಹದಿನೈದು. ಆರನೆಯ ವಯಸ್ಸಿಗೇ ಮಿಶಿನ್ ಮೇಲೆ ಕೂತವಳು, ಇಡೀ ತಗ್ಗೂರಿನಲ್ಲಿ ಅವಳಷ್ಟು ನೇರವಾಗಿ ಹೊಲಿಗೆ ಓಡಿಸುವವರಿಲ್ಲ. ಬಲಗಾಲು ಹೊರಕ್ಕೆ ತಿರುಗಿದೆ. ಕೆಂಪು ಧೂಳಿಗೆ ಗಂಟಲು ಒರಟಾಗಿದೆ. ಹೋದ ತಿಂಗಳು ಬೇಡಗಾರ್ತಿಯಾಗಿ ಅವಳು ಹೊರಗೆ ಹೋದಾಗ ಕಾರು ಹನ್ನೆರಡು ಹೆಜ್ಜೆಯ ಜಾಗ ಬಿಟ್ಟು ಹತ್ತು ಹೆಜ್ಜೆಗೆ ಬಂದು ನಿಂತಿತು. ಮರುದಿನದಿಂದ ಅವಳನ್ನು ಒಳಗಿರಿಸಿ ನಾನೇ ಹೋಗುತ್ತಿದ್ದೇನೆ. ಆದರೂ ಗೋಡೆಯ ಆಚೆ ಅವಳು ನಡೆದಾಡುವ ಸದ್ದು ಕೇಳಿಸಿಕೊಂಡು ಏಳು ಹೆಜ್ಜೆಗೆ, ಐದು ಹೆಜ್ಜೆಗೆ ಬಂತು. ನಿನ್ನೆ ಹೊಸ್ತಿಲಿಗೆ ಮುಟ್ಟಿಕೊಂಡೇ ನಿಂತಿತ್ತು. ಚರಿತ್ರೆ ಹೇಳಲಿಲ್ಲ. ಬದಲಿಗೆ, ನಾವು ಎಂದೂ ಕೇಳಿರದ ಒಂದು ಮಾತು ನಿಮ್ಮ ದನಿಯಲ್ಲಿ ಬಂತು: "ಅಪ್ಪಾ, ಬಾ, ಕುಂದ್ರು." ಪೂಜೆಯ ದಿನ ಖಾಲಿ ಸೀಟಿಗೆ ಹೂವಿಟ್ಟು, ಯಾರಿಗೂ ಕೇಳಿಸದಂತೆ ನೀವು ಹೇಳಿದ್ದಿರಬೇಕು. ದನಿ ನಡುಗುತ್ತಿತ್ತು. ನನಗೆ ನಿಮ್ಮ ಮೇಲಿದ್ದ ಸಿಟ್ಟೆಲ್ಲ ಆ ಕ್ಷಣ ಇಳಿದು ಅಳು ಬಂತು. ಹಗರಿಗೂ ಕೇಳಿಸಿತ್ತು. "ಅವ್ವಾ, ಪಾಪ, ಎಷ್ಟು ಆಸೆಯಿಂದ ಕರೀತೈತೆ. ಒಂದು ಸಲ ಕುಂತು ಬಂದ್ರೆ ಏನಾಗುತ್ತೆ?" ಎಂದಳು. ದೊಡ್ಡಪ್ಪನ ಕಥೆ ಗೊತ್ತಿದ್ದೂ ಕೇಳಿದಳು. ಅದಕ್ಕೇ ನನಗೆ ಭಯ.

ತಾತ, ನಾನು ಕೇಳುವುದು ಇಷ್ಟೇ. ಕಾರು ಕೊಳ್ಳಬೇಡಿ ಎನ್ನುವುದಿಲ್ಲ. ಅಪ್ಪನ ಹೆಸರಿನಲ್ಲೇ ಕೊಳ್ಳಿ, ಹೂವಿಡಿ, ಅತ್ತುಬಿಡಿ. ಆದರೆ ಆ ಹುಡುಗಿ ಕೇಳಿದಾಗ, ಹಬ್ಬವಿದ್ದರೂ, ಪಕ್ಕದಲ್ಲಿ ನಿಂತ ನಿಮ್ಮ ಅತ್ತೆ ಕಣ್ಣು ಕೆಂಪಗೆ ಮಾಡಿದರೂ, ನಮ್ಮಪ್ಪ ಸತ್ತುಹೋಗಿದ್ದಾರೆ ಎಂದು ಗಟ್ಟಿಯಾಗಿ, ಕಾರಿಗೆ ಕೇಳಿಸುವಂತೆ ಹೇಳಿ. ಹಿಂದೆ ಆದದ್ದು ಬದಲಾದರೆ ಮುಂದೆ ಹುಟ್ಟಿದವರು ಅಳಿಯುವುದಿಲ್ಲ, ಅವರ ಕಷ್ಟ ಮಾತ್ರ ಅಳಿಯುತ್ತದೆ ಎಂದು ಹಿನ್ನಡೆ ಅಂಚೆಯವರು ಹೇಳುತ್ತಾರೆ. ನಂಬಿದ್ದೇನೆ, ಬೇರೆ ದಾರಿ ಕಾಣದೆ.

ನಾನು ಒಂದು ವಾರದಲ್ಲಿ ಬಲಗಾಲು ಹೊರಕ್ಕೆ ತಿರುಗಿಸಿ ನಡೆಯುವುದನ್ನು ಕಲಿತಿದ್ದೇನೆ. ನಾಳೆ ಹಗರಿ ಏಳುವ ಮೊದಲು ಹೋಗಿ ಕೂರುತ್ತೇನೆ. ನನ್ನ ಉಸಿರು ಇರುವಷ್ಟು ದಿನ ಅದು ಅವಳ ಬಳಿ ಬರುವುದಿಲ್ಲ. ಅಂಚೆಯವರ ಲೆಕ್ಕದಂತೆ ನಿಮ್ಮ ದಿನಗಳೂ ನಮ್ಮ ದಿನಗಳೂ ಜೊತೆಜೊತೆಗೇ ಉರುಳುತ್ತವೆ; ಈ ಓಲೆ ನಿಮ್ಮ ಕೈಗೆ ಸೇರಿದಾಗ ಪಾಡ್ಯಕ್ಕೆ ಎಂಟು ದಿನ ಬಾಕಿ ಇರುತ್ತದೆ. ನನ್ನ ಸೆರಗಿನಡಿ ಹಿಡಿಯುವ ನೀರು ಒಂಬತ್ತು ದಿನಕ್ಕೆ ಸಾಕು. ದಯವಿಟ್ಟು ಮುಹೂರ್ತ ಮುಂದೂಡಬೇಡಿ.