ಅಪ್ಪನ ಎಡಗೈ

ನಾಫ್ಪ್ಲಿಯೊ,
೨೦ ಅಕ್ಟೋಬರ್ ೧೯೮೭

ನನ್ನ ಕಣ್ಮಣಿ ಫೋತಿನಿ,

ನಿನಗೂ ನಿನ್ನ ಹೊಟ್ಟೆಯಲ್ಲಿರುವ ಕೂಸಿಗೂ ಅಮ್ಮನ ಮುತ್ತುಗಳು. ನೀನು ಫೋನಿನಲ್ಲಿ ಕೇಳಿದಾಗಲೆಲ್ಲ ಅಪ್ಪ ಚೆನ್ನಾಗಿದ್ದಾರೆ ಎಂದೆನಲ್ಲ, ಅದು ಸುಳ್ಳು. ಲಕ್ವ ಹೊಡೆದ ಮೇಲೆ ಮಾತು ಬಂತು, ಕಾಲು ಬಂತು, ಬಲಗೈ ಮಾತ್ರ ಬರಲಿಲ್ಲ. ಮೂರು ತಿಂಗಳು ಅವರು ಹೊಸಿಲು ದಾಟಲಿಲ್ಲ. ಗಂಡಸರೆಲ್ಲ ಬೆರಳಲ್ಲಿ ಮಣಿಸರ ತಿರುಗಿಸುತ್ತ ಹೊತ್ತು ಕಳೆಯುವ ಬಂದರಿನ ಕಾಫಿ ಅಂಗಡಿಗೆ ಹೋಗಿಬನ್ನಿ ಎಂದರೆ, "ಮಣಿಸರ ಆಡಿಸೋಕಾಗದೋನು ಅಲ್ಲಿ ಕೈ ಎಲ್ಲಿಟ್ಕೊಂಡು ಕೂರ್ಲಿ?" ಎನ್ನುತ್ತಿದ್ದರು. ನಿನ್ನ ಅಪ್ಪನ ಅಪ್ಪ ಊರಿಗೆ ಬೆಂಕಿ ಬಿದ್ದಾಗ ಸ್ಮಿರ್ನಾದಿಂದ ಓಡಿಬರುತ್ತ ಜೇಬಿನಲ್ಲಿ ತಂದ ಆ ಅಂಬರ್ ಮಣಿಸರವನ್ನು ಒಂದು ದಿನ ನನ್ನ ಮಡಿಲಿಗೆ ಹಾಕಿ, "ನನ್ ಜೊತೆನೇ ಹೂತ್ಬಿಡು" ಅಂದರು. ನಾನು ಅದನ್ನು ನನ್ನ ಚೀಲಕ್ಕೆ ಹಾಕಿಕೊಂಡೆ.

ಮರುದಿನ ಭಾನುವಾರ. ಚರ್ಚಿನಿಂದ ನೇರ ಕಾಫಿ ಅಂಗಡಿಗೆ ನಡೆದೆ. ಒಳಗೆಲ್ಲ ಗಂಡಸರೇ. ಅಂಗಡಿಯ ಪಾಂದೆಲಿಸ್, "ಏನಕ್ಕ, ದಾರಿ ತಪ್ತಾ?" ಎಂದ. "ಕಾಫಿ ಕೊಡಪ್ಪ, ಸಕ್ಕರೆ ಬೇಡ" ಎಂದು ಅಪ್ಪನ ಕುರ್ಚಿಯಲ್ಲೇ ಕೂತೆ. ಚೀಲದಿಂದ ಸರ ತೆಗೆದು ಬೀಸಿದೆ. ಅದು ಕೈಜಾರಿ ಪಕ್ಕದ ಮೇಜಿನ ಕಾಫಿಯೊಳಗೆ ಬಿತ್ತು! ಅಂಗಡಿಯೆಲ್ಲ ಗೊಳ್ಳೆಂದಿತು.

ನಾನು ಮನೆ ಸೇರುವಷ್ಟರಲ್ಲಿ ಸುದ್ದಿ ಸೇರಿತ್ತು. ಅಪ್ಪ ಬಾಗಿಲಲ್ಲೇ ಉರಿಯುತ್ತ ನಿಂತಿದ್ದರು.

"ಅಂಬರಿಗೆ ಬಿಸಿ ತಾಗಿಸ್ತಾರೇನೇ? ಮಾನ ಕಳೆದ್ಯಲ್ಲೇ!"

"ನಾಳೆನೂ ಹೋಗ್ತೀನಿ. ಬೇಕಾದ್ರೆ ಕಲಿಸಿ" ಎಂದೆ.

ಅಡುಗೆಮನೆಯಲ್ಲಿ ನಿಂತು ಮತ್ತೆ ಬೀಸಿದೆ, ಮತ್ತೆ ಬೀಳಿಸಿದೆ. ಕೊನೆಗೆ ಅಪ್ಪ ತಾಳ್ಮೆಗೆಟ್ಟು, "ಹಿಂಗಲ್ಲ ಕಣೆ, ಕೊಡಿಲ್ಲಿ!" ಎಂದು ಕಿತ್ತುಕೊಂಡರು, ಎಡಗೈಯಲ್ಲಿ. ಎರಡು ಸಲ ಜಾರಿತು. ಮೂರನೆಯ ಸಲ ಮಣಿಗಳು ಬೆರಳು ಸುತ್ತಿ ಬಂದು ಟಕ್ ಎಂದವು. ಅವರು ತಮ್ಮ ಕೈಯನ್ನೇ ನೋಡುತ್ತ ನಿಂತರು. ಅಳುತ್ತಿದ್ದರು, ಫೋತಿನಿ. ನಾನು ಒಲೆಯ ಮೇಲಿನ ಹುರುಳಿಕಾಯಿ ಸೀಯುತ್ತಿದೆ ಎಂಬಂತೆ ಅತ್ತ ತಿರುಗಿದೆ.

ಒಂದು ವಾರ ಮನೆಯಲ್ಲೇ ಅಭ್ಯಾಸ. ನಿನ್ನೆ ಇಬ್ಬರೂ ಕೂಡಿ ಹೋದೆವು. ಪಾಂದೆಲಿಸ್ ಒಂದು ಮಾತೂ ಕೇಳದೆ ಎರಡು ಕಾಫಿ ತಂದಿಟ್ಟ. ಅಪ್ಪ ಎಲ್ಲರಿಗೂ ಕೇಳುವಂತೆ, "ಪಾಪ, ಇವಳಿಗೆ ಇನ್ನೂ ಸರಿಯಾಗಿ ಬರಲ್ಲ, ಕಲಿಸ್ತಿದೀನಿ" ಎಂದರು. ನಾನು ತಲೆ ತಗ್ಗಿಸಿ ಕಾಫಿ ಕುಡಿದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು, ಮಗಳೇ.

ನಿನ್ನ ಅಮ್ಮ,
ಅರ್ಗಿರೊ

ತಾ.ಕ.: ಇದು ನಮ್ಮಿಬ್ಬರಲ್ಲೇ ಇರಲಿ. ನನಗೆ ಏಳು ವರ್ಷವಿದ್ದಾಗಲೇ ನನ್ನಪ್ಪ ಬಲೆ ಹೆಣೆಯುತ್ತ ಕೂತು ಮಣಿಸರ ಆಡಿಸುವುದನ್ನು ಕಲಿಸಿದ್ದರು. ಎರಡೂ ಕೈಯಲ್ಲಿ ಆಡಿಸಬಲ್ಲೆ. ಅಂದು ಸರ ಬಿದ್ದ ಕಾಫಿ ಸ್ಟಾಮಾಟಿಸನದು. ಊರಿನಲ್ಲಿ ಅವನಷ್ಟು ಬೇಗ ಸುದ್ದಿ ಹಂಚುವವರು ಬೇರೆ ಯಾರಿದ್ದಾರೆ ಹೇಳು?